ಹತ್ತಿ ಕೇಳಿದ್ದು

ಮಂಡಿ ಮೊಹಲ್ಲಾದಲ್ಲಿ ಇಮ್ತಿಯಾಜನ ಹಾಸಿಗೆ ಅಂಗಡಿ.
ರಾತ್ರಿ ಒಂಬತ್ತರ ಮೇಲೆ ಅದರ ಅಟ್ಟ ನಮ್ಮದು.
ಸುತ್ತ ಮೂಟೆ ಮೂಟೆ ಹತ್ತಿ.
ಎಷ್ಟು ಕಿರುಚಿದರೂ ಕುಡಿದುಬಿಡುತ್ತದೆ.
ಕೆಳಗೆ ಬೀದಿಯ ಕಬಾಬಿನವನಿಗೆ
ನಾವು ಇದ್ದೇವೆಂಬುದೇ ಗೊತ್ತಿಲ್ಲ.

ಎರಡು ವರ್ಷ ಹೀಗೆ.
ಬ್ಯಾಂಡಿನ ಹೆಸರು ನಾಲ್ಕು ಸಲ ಬದಲಾಯಿತು.
ಈಗಿನದು ‘ಮಳಿಗೆ ಬಾಡಿಗೆಗಿದೆ’.
ಶೆರ್ಲಿ ಇಟ್ಟದ್ದು. ಬೋರ್ಡು ಬಿಟ್ಟಿ ಸಿಕ್ಕಿತ್ತು, ಅದಕ್ಕೆ.

ನಾನು ಬೇಸ್ ಗಿಟಾರು. ಹಗಲು ಜೆರಾಕ್ಸ್ ಅಂಗಡಿ.
ಯಾರದೋ ಜಾತಿ ಪ್ರಮಾಣಪತ್ರ, ಯಾರದೋ ಕ್ರಯಪತ್ರ
ಬೆಳಕಿನ ಮೇಲೆ ಹಾಯುವಾಗ
ಯಂತ್ರದ ಲಯಕ್ಕೆ ಬೆರಳು ತಾನಾಗಿ ಆಡುತ್ತದೆ.
ಗಿರಾಕಿ ಕೇಳುತ್ತಾನೆ, “ಕೈ ನಡುಗುತ್ತಾ ಸಾರ್?”

ಬೇಸ್ ಅಂದರೇನು ಅಂತ ಅಮ್ಮನೂ ಕೇಳಿದ್ದಳು.
ಇದ್ದಾಗ ಕೇಳಿಸಲ್ಲ, ನಿಲ್ಲಿಸಿದರೆ ಗೊತ್ತಾಗುತ್ತೆ ಅಂದೆ.
“ಈ ಮನೇಲಿ ಅಂಥದ್ದು ಒಂದು ಸಾಕಿತ್ತು ಬುಡು”
ಅನ್ನುತ್ತ ಕುಕ್ಕರು ಇಳಿಸಿದಳು.

ಅಟ್ಟದ ಗೋಡೆಯಲ್ಲಿ ಇಮ್ತಿಯಾಜನ ತಾತನ ಬಿಲ್ಲು,
ಹತ್ತಿ ಎಕ್ಕುತ್ತಿದ್ದದ್ದು.
ಆಳೆತ್ತರ. ಒಂದೇ ತಂತಿ, ಅದೂ ಆಡಿನ ಕರುಳು.
ಮೊದಲ ದಿನ ಸುಮ್ಮನೆ ಮೀಟಿದ್ದೆ.
ಮೂಟೆಗಳೆಲ್ಲ ಬೆಚ್ಚಿ ಎದ್ದು ಕೂತ ಹಾಗಾಯಿತು.
ನನ್ನ ಗಿಟಾರಿನ ದಪ್ಪ ತಂತಿಗೆ
ಇವತ್ತಿಗೂ ಅದರದೇ ಶ್ರುತಿ.
ಶೆರ್ಲಿ ಬೈಯುತ್ತಿದ್ದಳು. ಅವಳ ಫೋನಿನ ಪ್ರಕಾರ
ಅದು ಯಾವ ಸ್ವರವೂ ಅಲ್ಲ, ಎರಡರ ನಡುವಿನ ಓಣಿ.
ಕೊನೆಗೆ ಅವಳೇ ಇಳಿದು ಬಂದಳು ಆ ಓಣಿಗೆ.

ಹಾಡುವವನು ಜವರಾಯಿ, ಕಿರುಗಾವಲಿನವನು.
ಕೊನೇ ಬಸ್ಸು ತಪ್ಪಿದರೆ ಇಲ್ಲೇ ನಿದ್ದೆ,
ಬೆಳಿಗ್ಗೆ ಮಾರಬೇಕಾದ ಹಾಸಿಗೆಯ ಮೇಲೆ.
ನಿದ್ದೆಯಲ್ಲೂ ಗುನುಗುತ್ತಾನೆ ಕಳ್ಳ,
ಎದ್ದಾಗ ಒಂದು ಸಾಲೂ ನೆನಪಿರುವುದಿಲ್ಲ.

ಅಂತೂ ಕರೆ ಬಂತು. ಮಂಡ್ಯ.
ಗುತ್ತಲು ರಸ್ತೆಯಲ್ಲಿ ಹೊಸ ಕೆಫೆ, ತಾರಸಿಯ ಮೇಲೆ.
ಊಟ ಕೊಡುತ್ತಾರೆ. ಪೆಟ್ರೋಲು ಅರ್ಧ.
ಹಾಸಿಗೆಯ ಟೆಂಪೋದಲ್ಲಿ ಡ್ರಮ್ಮು, ಆಂಪು, ನಾವು.
ಶ್ರೀರಂಗಪಟ್ಟಣದಲ್ಲಿ ಸೇತುವೆಯ ಕೀಲುಗಳು
ಚಕ್ರದಡಿ ಟಕ್ ಟಕ್ ಎಂದವು,
ಇಮ್ತಿಯಾಜ್ ಮಂಡಿಯ ಮೇಲೆ ಎಣಿಸುತ್ತಿದ್ದ,
ಹೊಳೆ ಮುಗಿದ ಮೇಲೂ ಎಣಿಸುತ್ತಲೇ ಇದ್ದ.

ಹದಿನೇಳು ಜನ.
ಅದರಲ್ಲಿ ಆರು ಕೆಫೆಯ ಹುಡುಗರು, ಒಂದು ಮಗು.

ಮೊದಲ ಪೆಟ್ಟು ಬಿದ್ದಾಗ
ಹತ್ತಿ ಇರಲಿಲ್ಲ.
ಸದ್ದು ಹೋಗಿ ಪಕ್ಕದ ಮನೆಯ ನೀರಿನ ಟ್ಯಾಂಕಿಗೆ ಬಡಿದು
ನಮ್ಮ ಮುಖಕ್ಕೇ ವಾಪಸು ಬಂತು.
ಜವರಾಯಿ ಅರ್ಧ ಮಾತಿನಲ್ಲಿ ನಿಂತುಬಿಟ್ಟ.
ಯಾರಪ್ಪಾ ಇದು ಅಂತ ನನ್ನ ಕಡೆ ನೋಡಿದ.
ನೀನೇ ಕಣ್ಲಾ, ಅಂದೆ ಕಣ್ಣಲ್ಲಿ.
ನನ್ನ ಕೈ ನಿಜಕ್ಕೂ ನಡುಗುತ್ತಿತ್ತು,
ಗಿರಾಕಿ ಹೇಳಿದ ಹಾಗೆ.

ಎರಡನೆಯದಕ್ಕೆ ಮಗು ಅತ್ತಿತು.
ಮೂರನೆಯದಕ್ಕೆ ಯಾರೋ ಸಿನಿಮಾ ಹಾಡು ಕೇಳಿದರು.
ನಾಲ್ಕನೆಯದರಲ್ಲಿ, ಆ ಓಣಿಯ ಸ್ವರ ಬಂದಾಗ,
ತಟ್ಟೆ ಎತ್ತುತ್ತಿದ್ದ ಹುಡುಗ ಎತ್ತುವುದನ್ನು ಮರೆತ.
ಅಷ್ಟೇ. ಅಷ್ಟನ್ನೇ
ವಾಪಸು ಬರುವಾಗ ನಾವು ನಾಲ್ವರೂ
ಒಬ್ಬೊಬ್ಬರಾಗಿ ಹೇಳಿಕೊಂಡೆವು, ತಾನೊಬ್ಬನೇ ಕಂಡ ಹಾಗೆ.

ಸಾಮಾನು ಕಟ್ಟುವಾಗ ಒಬ್ಬರು ಬೋರ್ಡು ತೋರಿಸಿ
“ಮಳಿಗೆ ಎಲ್ಲಿರೋದು? ಅಡ್ವಾನ್ಸ್ ಎಷ್ಟು?” ಅಂದರು.
ಶೆರ್ಲಿ ನಗಲಿಲ್ಲ. ನಂಬರು ಬರೆದುಕೊಂಡಳು.
ನಮಗೆ ಬಂದದ್ದು ಆರುನೂರ ಇಪ್ಪತ್ತು,
ಹರಿದ ತಂತಿಗೆ ನಾನೂರು.

ಬೆಳಿಗ್ಗೆ ಅಂಗಡಿಗೆ ಇಲವಾಲದ ಅಜ್ಜಿಯೊಬ್ಬಳು.
ಹಾಸಿಗೆಯನ್ನು ಒತ್ತಿದಳು, ತಟ್ಟಿದಳು,
ಬಗ್ಗಿ ಕಿವಿಯಿಟ್ಟು ಒಂದಷ್ಟು ಹೊತ್ತು ಹಾಗೇ ಇದ್ದಳು.
“ಒಳಗೆ ಏನು ತುಂಬಿದ್ದೀರಪ್ಪಾ?”
ಇಮ್ತಿಯಾಜನ ಅಬ್ಬಾ ಲೆಕ್ಕದ ಪುಸ್ತಕದಿಂದ ತಲೆ ಎತ್ತದೆ
“ಹತ್ತಿ” ಅಂದರು,
“ಬರೀ ಹತ್ತಿ.”